ರಾಚೆಸ್ಟರ್ ನಗರದ ಗಣ್ಯರನ್ನೂ ಪತ್ರಿಕೆಗಳನ್ನೂ ಬೇರೆ ಬೇರೆಯಾಗಿ ಬರೆಯಬಹುದೇ?

ಕಡತಪ್ರಿಯ ಅವರ ಪ್ರಶ್ನೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಒಂಟಾರಿಯೊ ಸರೋವರದ ದಕ್ಷಿಣಕ್ಕಿರುವ ರಾಚೆಸ್ಟರ್ ನಗರದ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಪರಿಚಯ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ನಗರಗಳ ಕುರಿತ ಲೇಖನಗಳ ವಾಡಿಕೆಯಂತೆ ‘ಗಣ್ಯ ನಿವಾಸಿಗಳು’ ಎಂದು ಒಂದು ಅಧ್ಯಾಯವನ್ನೂ ‘ಪತ್ರಿಕೆಗಳ ಇತಿಹಾಸ’ ಎಂದು ಇನ್ನೊಂದನ್ನೂ ಹಾಕಿಕೊಂಡೆ. ಆದರೆ ಟಿಪ್ಪಣಿಗಳನ್ನು ಜೋಡಿಸುತ್ತ ಹೋದಂತೆ ಒಂದರಲ್ಲಿ ಬರೆದುದನ್ನೇ ಇನ್ನೊಂದರಲ್ಲಿಯೂ ಬರೆಯಬೇಕಾಗಿ ಬರುತ್ತಿದೆ. ಗುಲಾಮಗಿರಿ ವಿರೋಧಿ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಎರಡೂ ಕಡೆ ಬರುತ್ತಾರೆ, ಥರ್ಲೋ ವೀಡ್ ಮತ್ತು ಫ್ರಾಂಕ್ ಗ್ಯಾನೆಟ್ ಕೂಡ ಹಾಗೆಯೇ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥೊನಿ ಅವರನ್ನು ಎಲ್ಲಿ ಇಡಬೇಕೆಂಬುದಂತೂ ತಿಳಿಯುತ್ತಿಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಅಡ್ವರ್ಟೈಸರ್, ಡೆಮಾಕ್ರಟ್, ಕ್ರಾನಿಕಲ್, ಯೂನಿಯನ್, ಟೈಮ್ಸ್ ಎಂಬ ಹೆಸರುಗಳು ಒಂದರೊಳಗೊಂದು ಸೇರಿಕೊಂಡು ಬರುತ್ತವೆ. ಇವುಗಳ ವಂಶಾವಳಿಯನ್ನು ಸರಳವಾಗಿ ಹೇಳುವುದು ಹೇಗೆ? ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ್ದ ಡಗ್ಲಸ್ ಪತ್ರಿಕೆ ಆರಂಭಿಸಲು ರಾಚೆಸ್ಟರನ್ನೇ ಏಕೆ ಆರಿಸಿಕೊಂಡರು? ಕೊಡ್ಯಾಕ್ ಸ್ಥಾಪಿಸಿದ ಜಾರ್ಜ್ ಈಸ್ಟ್‌ಮನ್ ಅವರಿಗೂ ಪತ್ರಿಕೆಗಳಿಗೂ ಏನಾದರೂ ನಂಟಿದೆಯೇ? ಕೊನೆಯದಾಗಿ, ಎರಡು ಅಧ್ಯಾಯಗಳನ್ನು ಹಾಗೆಯೇ ಉಳಿಸಿಕೊಳ್ಳಲೇ, ಒಂದಾಗಿಸಲೇ?

ಅಚ್ಚುಮೊಳೆ ಅವರ ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಒಂದಾಗಿಸಿ. ಈ ನಗರದಲ್ಲಿ ಹೆಸರು ಮಾಡಿದವರಲ್ಲಿ ಅನೇಕರು ಪತ್ರಿಕೆಯಲ್ಲಿ ಸುದ್ದಿಯಾದವರಷ್ಟೇ ಅಲ್ಲ; ಪತ್ರಿಕೆಯನ್ನು ನಡೆಸಿದವರು, ಪತ್ರಿಕೆಯೊಡನೆ ಕಾದಾಡಿದವರು, ಇಲ್ಲವೇ ಪತ್ರಿಕೆಯ ಮುದ್ರಣಾಲಯದಲ್ಲಿ ತಮ್ಮ ಕಾಗದಪತ್ರಗಳನ್ನು ಅಚ್ಚು ಹಾಕಿಸಿಕೊಂಡವರು.

ಆರಂಭವನ್ನು ನೀರಿನಿಂದ ಹೇಳಬೇಕು. ಜೆನಸೀ ನದಿಯ ಜಲಪಾತಗಳ ಬಲದಿಂದ ಇಲ್ಲಿ ಗೋಧಿಯ ಗಿರಣಿಗಳು ತಿರುಗುತ್ತಿದ್ದವು. 1825ರಲ್ಲಿ ಪೂರ್ಣಗೊಂಡ ಈರಿ ಕಾಲುವೆ ನಗರದ ನಡುವೆಯೇ, ಕಲ್ಲಿನ ಮೇಲ್ಗಾಲುವೆಯ ಮೂಲಕ ನದಿಯನ್ನು ದಾಟಿ ಹೋಯಿತು. ಹಿಟ್ಟಿನ ಪೀಪಾಯಿಗಳು ಪೂರ್ವಕ್ಕೆ ಹೊರಟ ಅದೇ ದೋಣಿಗಳಲ್ಲಿ ವಲಸಿಗರೂ ಸರಕೂ ಪಶ್ಚಿಮಕ್ಕೆ ಬಂದವು; ಅವುಗಳ ಜೊತೆಗೆ ಸುದ್ದಿಯೂ ಬಂದಿತು. ದೋಣಿ ಯಾವಾಗ ಬಂದೀತು, ಯಾರ ಅಂಗಡಿಯಲ್ಲಿ ಏನು ಇಳಿದಿದೆ ಎಂಬುದನ್ನು ವಾರಕ್ಕೊಮ್ಮೆ ತಿಳಿದರೆ ವ್ಯಾಪಾರಿಗಳಿಗೆ ಸಾಲದಾಯಿತು. ಕಾಲುವೆ ಪೂರ್ಣಗೊಂಡ ಮರುವರ್ಷವೇ, 1826ರಲ್ಲಿ, ಲೂಥರ್ ಟಕರ್ ಎಂಬ ಮುದ್ರಕ ‘ಡೈಲಿ ಅಡ್ವರ್ಟೈಸರ್’ ದಿನಪತ್ರಿಕೆಯನ್ನು ಹೊರಡಿಸಿದ್ದು ಈ ಹಿನ್ನೆಲೆಯಲ್ಲಿ. ರಾಜ್ಯದ ರಾಜಧಾನಿ ಆಲ್ಬನಿಯಿಂದ ಪಶ್ಚಿಮಕ್ಕೆ ಅದೇ ಮೊದಲ ದಿನಪತ್ರಿಕೆ ಎಂದು ನಗರದ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ.

ಅದೇ 1826ರಲ್ಲಿ ನಡೆದ ಇನ್ನೊಂದು ಘಟನೆ ಈ ಊರಿನ ಒಬ್ಬ ಸಂಪಾದಕನನ್ನು ದೇಶದ ರಾಜಕಾರಣಕ್ಕೆ ಎಳೆದು ತಂದಿತು. ಸಮೀಪದ ಬಟಾವಿಯಾದಲ್ಲಿದ್ದ ವಿಲಿಯಂ ಮಾರ್ಗನ್ ಎಂಬಾತ ಫ್ರೀಮೇಸನ್ ಸಂಘದ ಗುಟ್ಟುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತೇನೆಂದು ಹೊರಟಿದ್ದ. ಅವನನ್ನು ಕ್ಯಾನನ್‌ಡೇಗ್ವಾದ ಸೆರೆಮನೆಯಿಂದ ಕೆಲವರು ಹೊರಗೆ ಕರೆದೊಯ್ದರು. ಆಮೇಲೆ ಆತ ಮರಳಲೇ ಇಲ್ಲ. ರಾಚೆಸ್ಟರಿನಲ್ಲಿ ‘ಟೆಲಿಗ್ರಾಫ್’ ಪತ್ರಿಕೆಯನ್ನು ನಡೆಸುತ್ತಿದ್ದ ಥರ್ಲೋ ವೀಡ್ ಈ ಪ್ರಕರಣವನ್ನು ಹಿಡಿದುಕೊಂಡು 1828ರಲ್ಲಿ ‘ಆಂಟಿ ಮೇಸನಿಕ್ ಎನ್‌ಕ್ವೈರರ್’ ಎಂಬ ಬೇರೆಯೇ ಪತ್ರಿಕೆಯನ್ನು ಆರಂಭಿಸಿದರು. ಒಬ್ಬ ಮನುಷ್ಯ ಕಾಣೆಯಾದ ಸುದ್ದಿಯಿಂದ ಒಂದು ರಾಜಕೀಯ ಪಕ್ಷವೇ ಹುಟ್ಟಿಕೊಂಡಿತೆಂದರೆ ಅದರಲ್ಲಿ ಈ ಪತ್ರಿಕೆಯ ಪಾತ್ರ ಸಣ್ಣದಲ್ಲ. ವೀಡ್ 1830ರಲ್ಲಿ ಆಲ್ಬನಿಗೆ ಹೋಗಿ ‘ಆಲ್ಬನಿ ಈವನಿಂಗ್ ಜರ್ನಲ್’ ಸ್ಥಾಪಿಸಿ, ಮುಂದೆ ವಿಗ್ ಪಕ್ಷದ, ಅನಂತರ ರಿಪಬ್ಲಿಕನ್ ಪಕ್ಷದ ಸೂತ್ರಧಾರರಲ್ಲಿ ಒಬ್ಬರೆನಿಸಿದರು. ತತ್ತ್ವನಿಷ್ಠೆ ಎಷ್ಟು, ಲೆಕ್ಕಾಚಾರ ಎಷ್ಟು ಎಂಬ ಅನುಮಾನ ಅವರ ವಿಷಯದಲ್ಲಿ ನನಗೆ ಇದ್ದೇ ಇದೆ. ಆದರೂ ಅವರನ್ನು ಬಿಡಲಾಗದು.

ಇನ್ನು ವಂಶಾವಳಿ. ಎರಡು ಕವಲುಗಳನ್ನು ನೆನಪಿಟ್ಟುಕೊಂಡರೆ ಸಾಕು. ಬೆಳಗಿನ ಕವಲಿನಲ್ಲಿ, 1830ರ ದಶಕದಲ್ಲಿ ಹುಟ್ಟಿದ ‘ಡೆಮಾಕ್ರಟ್’ ಮತ್ತು 1868ರ ‘ಕ್ರಾನಿಕಲ್’ 1870ರಲ್ಲಿ ಸೇರಿ ‘ಡೆಮಾಕ್ರಟ್ ಅಂಡ್ ಕ್ರಾನಿಕಲ್’ ಆಯಿತು. ಅದು ಇಂದಿಗೂ ಇದೆ. ಸಂಜೆಯ ಕವಲಿನಲ್ಲಿ, ಹಳೆಯ ಅಡ್ವರ್ಟೈಸರ್ 1850ರ ದಶಕದಲ್ಲಿ ‘ಯೂನಿಯನ್’ ಜೊತೆ ಕೂಡಿ ‘ಯೂನಿಯನ್ ಅಂಡ್ ಅಡ್ವರ್ಟೈಸರ್’ ಎನಿಸಿತು. 1918ರಲ್ಲಿ ಫ್ರಾಂಕ್ ಗ್ಯಾನೆಟ್ ಅದನ್ನೂ ‘ಈವನಿಂಗ್ ಟೈಮ್ಸ್’ ಪತ್ರಿಕೆಯನ್ನೂ ಕೊಂಡು ‘ಟೈಮ್ಸ್ ಯೂನಿಯನ್’ ಮಾಡಿದರು. ಅದು 1997ರಲ್ಲಿ ನಿಂತುಹೋಯಿತು. ಹತ್ತೊಂಬತ್ತನೆಯ ಶತಮಾನದ ಸಂಚಿಕೆಗಳನ್ನು ಓದುವಾಗ ಒಂದು ಎಚ್ಚರ ಬೇಕು: ಹೆಸರಿನಲ್ಲಿ ಡೆಮಾಕ್ರಟ್ ಎಂದಿದ್ದರೂ ಆ ಪತ್ರಿಕೆ ನಿಂತದ್ದು ರಿಪಬ್ಲಿಕನ್ನರ ಪರವಾಗಿ, ಡೆಮಾಕ್ರಟಿಕ್ ಪಕ್ಷದ ಪರವಾಗಿದ್ದುದು ಯೂನಿಯನ್ ಅಂಡ್ ಅಡ್ವರ್ಟೈಸರ್.

ಧ್ರುವದರ್ಶಿ ಅವರ ಉತ್ತರ

ಡಗ್ಲಸ್ ಅವರ ಕುರಿತ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ; ಸ್ವಲ್ಪ ಉದ್ದವಾದೀತು.

ಮೇರಿಲ್ಯಾಂಡ್‌ನ ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡು ಬಂದ ಡಗ್ಲಸ್, 1845ರಲ್ಲಿ ಆತ್ಮಕಥೆ ಪ್ರಕಟವಾದ ಬಳಿಕ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಸುಮಾರು ಎರಡು ವರ್ಷ ಉಪನ್ಯಾಸ ಮಾಡಿದರು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕಾನೂನುಬದ್ಧವಾಗಿ ಕೊಂಡರು. ಪತ್ರಿಕೆ ಆರಂಭಿಸಲೆಂದು ಬೇರೆ ನಿಧಿಯನ್ನೂ ಕೊಟ್ಟರು. ಮರಳಿ ಬಂದಾಗ ಬಾಸ್ಟನ್ನಿನ ಸಂಗಾತಿಗಳಿಗೆ, ಮುಖ್ಯವಾಗಿ ‘ಲಿಬರೇಟರ್’ ಪತ್ರಿಕೆಯ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರಿಗೆ, ಈ ಯೋಚನೆ ಹಿಡಿಸಲಿಲ್ಲ. ಡಗ್ಲಸ್ ಭಾಷಣಕಾರರಾಗಿಯೇ ಇರಲಿ, ಪತ್ರಿಕೆ ನಡೆಸಿ ಕೈಸುಟ್ಟುಕೊಳ್ಳುವುದು ಬೇಡ ಎಂಬುದು ಅವರ ನಿಲುವು. ಬಾಸ್ಟನ್ನಿನಲ್ಲಿ ಲಿಬರೇಟರ್ ಇತ್ತು, ನ್ಯೂಯಾರ್ಕ್ ನಗರದಲ್ಲಿ ‘ನ್ಯಾಷನಲ್ ಆಂಟಿ ಸ್ಲೇವರಿ ಸ್ಟ್ಯಾಂಡರ್ಡ್’ ಇತ್ತು. ಅವೆರಡರ ಓದುಗರಿಗೆ ಕೈಹಾಕದೆ ದೂರದ ಊರಿನಲ್ಲಿ ಪತ್ರಿಕೆ ಹೊರಡಿಸಬೇಕೆಂಬುದು ರಾಚೆಸ್ಟರನ್ನು ಆರಿಸಿಕೊಂಡುದಕ್ಕೆ ಡಗ್ಲಸ್ ಅವರೇ ಕೊಟ್ಟ ಕಾರಣ. ಇದಲ್ಲದೆ, ಏಮಿ ಪೋಸ್ಟ್ ಮತ್ತು ಐಸಾಕ್ ಪೋಸ್ಟ್ ದಂಪತಿಗಳಂಥ ಗುಲಾಮಗಿರಿ ವಿರೋಧಿಗಳು ಊರಿನಲ್ಲಿದ್ದರು, ಮತ್ತು ಸರೋವರವನ್ನು ದಾಟಿದರೆ ಕೆನಡಾ ಇತ್ತು.

‘ನಾರ್ತ್ ಸ್ಟಾರ್’ ವಾರಪತ್ರಿಕೆಯ ಮೊದಲ ಸಂಚಿಕೆ 1847ರ ಡಿಸೆಂಬರ್ 3ರಂದು ಹೊರಬಂತು. ಮಾರ್ಟಿನ್ ಡಿಲೇನಿ ಸಹಸಂಪಾದಕರು, ವಿಲಿಯಂ ನೆಲ್ ಪ್ರಕಾಶಕರು. ವರ್ಷದ ಚಂದಾ ಎರಡು ಡಾಲರ್. ವಾರಕ್ಕೆ 80 ಡಾಲರ್ ಖರ್ಚು ತಗಲುತ್ತಿತ್ತೆಂದೂ ಸರಾಸರಿ 3,000 ಚಂದಾದಾರರಿದ್ದರೆಂದೂ ಡಗ್ಲಸ್ ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ಲೆಕ್ಕಕ್ಕೆ ಇದು ಸರಿಹೋಗುವಂತೆ ಕಂಡರೂ ಚಂದಾ ಹಣ ಹೊತ್ತಿಗೆ ಸರಿಯಾಗಿ ಕೈಸೇರುತ್ತಿರಲಿಲ್ಲ, ಅವರು ಮನೆಯನ್ನು ಅಡವಿಡಬೇಕಾಯಿತು. ಇಂಗ್ಲೆಂಡಿನಿಂದ 1849ರಲ್ಲಿ ಬಂದ ಜೂಲಿಯಾ ಗ್ರಿಫಿತ್ಸ್ ಪತ್ರಿಕೆಯ ಲೆಕ್ಕವನ್ನು ಮನೆಯ ಲೆಕ್ಕದಿಂದ ಬೇರ್ಪಡಿಸಿ, ನಿಧಿ ಸಂಗ್ರಹಿಸಿ, ಸಂಪಾದನೆಯಲ್ಲಿಯೂ ನೆರವಾಗದಿದ್ದರೆ ಪತ್ರಿಕೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಗಣ್ಯರ ಪಟ್ಟಿಗಳಲ್ಲಿ ಆಕೆಯ ಹೆಸರು ಅಪರೂಪವಾಗಿ ಕಾಣುತ್ತದೆ. ತಾವು ಸೇರಿಸಬೇಕೆಂದು ಕೋರುತ್ತೇನೆ. ಡಗ್ಲಸ್ ಅವರ ಗಂಡುಮಕ್ಕಳು ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತದ್ದೂ ಈ ಕಚೇರಿಯಲ್ಲಿಯೇ.

ಊರು ಅವರನ್ನು ತೋಳು ಚಾಚಿ ಬರಮಾಡಿಕೊಂಡಿತೆಂದು ಬರೆಯುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಅವರ ಮುದ್ರಣಯಂತ್ರವನ್ನು ಒಂಟಾರಿಯೊ ಸರೋವರಕ್ಕೆ ಎಸೆದು ಅವರನ್ನು ಕೆನಡಾಕ್ಕೆ ಅಟ್ಟಿಬಿಡಿ ಎಂದು ‘ನ್ಯೂಯಾರ್ಕ್ ಹೆರಾಲ್ಡ್’ ಊರಿನವರಿಗೆ ಬುದ್ಧಿ ಹೇಳಿತ್ತಂತೆ. ಅದು ಹೊರಗಿನವರ ಮಾತು ಎಂದು ಬಿಡಬಹುದು. ಆದರೆ 1848ರಲ್ಲಿ ನಡೆದುದು ಊರಿನೊಳಗಿನ ಮಾತು. ಮಗಳು ರೊಸೆಟ್ಟಾಳನ್ನು ಸೇವರ್ಡ್ ಸೆಮಿನರಿ ಎಂಬ ಖಾಸಗಿ ಶಾಲೆಗೆ ಸೇರಿಸಿದಾಗ ಅವಳನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಕೂರಿಸಲಾಯಿತು. ತಂದೆ ಪ್ರತಿಭಟಿಸಿದಾಗ ಪ್ರಾಂಶುಪಾಲೆ ಮಕ್ಕಳನ್ನೇ ಕೇಳಿದರು, ಯಾವ ಮಗುವೂ ಅಡ್ಡಿ ಹೇಳಲಿಲ್ಲ. ಬಳಿಕ ಪೋಷಕರನ್ನು ಕೇಳಿದಾಗ ಒಬ್ಬರೇ ಒಬ್ಬರು ಆಕ್ಷೇಪಿಸಿದರು. ಅವರು ‘ರಾಚೆಸ್ಟರ್ ಕೊರಿಯರ್’ ಪತ್ರಿಕೆಯ ಸಂಪಾದಕ ಎಚ್. ಜಿ. ವಾರ್ನರ್. ಡಗ್ಲಸ್ ಈ ವಾರ್ನರ್ ಅವರಿಗೆ ಬಹಿರಂಗ ಪತ್ರವೊಂದನ್ನು ಬರೆದು ಸೆಪ್ಟೆಂಬರ್ 22ರ ನಾರ್ತ್ ಸ್ಟಾರ್‌ನಲ್ಲಿ ಅಚ್ಚು ಹಾಕಿದರು. ಒಂದೇ ಊರಿನ ಇಬ್ಬರು ಸಂಪಾದಕರು, ನಡುವೆ ಒಂಬತ್ತು ವರ್ಷದ ಒಬ್ಬಳು ಹುಡುಗಿ. ನಗರದ ಸಾರ್ವಜನಿಕ ಶಾಲೆಗಳಲ್ಲಿ ಬೇರ್ಪಡಿಕೆ ಕೊನೆಗೊಳ್ಳಲು 1857ರವರೆಗೆ ಕಾಯಬೇಕಾಯಿತು. ತಮ್ಮ ಲೇಖನದಲ್ಲಿ ಒಂದೇ ಪ್ರಸಂಗಕ್ಕೆ ಜಾಗವಿದ್ದರೆ ಇದಕ್ಕೇ ಕೊಡಿ ಎನ್ನುತ್ತೇನೆ. ಪ್ರತಿಮೆ, ಸ್ಮಾರಕಗಳ ವಿವರಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಪತ್ರಿಕಾ ಕಚೇರಿ ಬರೆಯುವ ಜಾಗವಷ್ಟೇ ಆಗಿರಲಿಲ್ಲ. ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಗುಲಾಮರು ಮುಂಜಾನೆ ಕಚೇರಿಯ ಮೆಟ್ಟಿಲುಗಳ ಮೇಲೆ ಕುಳಿತಿರುವುದು ಅಪರೂಪವೇನಾಗಿರಲಿಲ್ಲ ಎಂದು ಡಗ್ಲಸ್ ನೆನೆಯುತ್ತಾರೆ. ಅವರನ್ನು ಕೆನಡಾಕ್ಕೆ ದಾಟಿಸುವ ಏರ್ಪಾಡೂ ಅದೇ ದಿನದ ಕೆಲಸದಲ್ಲಿ ಸೇರುತ್ತಿತ್ತು. 1851ರಲ್ಲಿ ಗುಲಾಮಗಿರಿ ವಿರೋಧಿ ಶ್ರೀಮಂತ ಗೆರಿಟ್ ಸ್ಮಿತ್ ಅವರ ಬೆಂಬಲದ ‘ಲಿಬರ್ಟಿ ಪಾರ್ಟಿ ಪೇಪರ್’ ಜೊತೆ ವಿಲೀನವಾಗಿ ಪತ್ರಿಕೆಗೆ ಸಂಪಾದಕರ ಹೆಸರನ್ನೇ ಇಡಲಾಯಿತು. ಆಮೇಲೆ ಮಾಸಪತ್ರಿಕೆಯೊಂದು 1863ರವರೆಗೆ ನಡೆಯಿತು. 1852ರ ಜುಲೈ 5ರಂದು ಕೊರಿಂಥಿಯನ್ ಹಾಲ್‌ನಲ್ಲಿ, ಗುಲಾಮನಿಗೆ ಜುಲೈ 4 ಏನಾಗಬೇಕು ಎಂದು ಕೇಳಿದ ಪ್ರಸಿದ್ಧ ಭಾಷಣವನ್ನು ಅವರು ಮಾಡಿದ್ದು ಈ ಊರಿನ ಗುಲಾಮಗಿರಿ ವಿರೋಧಿ ಮಹಿಳಾ ಸಂಘದ ಆಹ್ವಾನದ ಮೇಲೆ.

ಎಂಟನೇ ವಾರ್ಡು ಅವರ ಉತ್ತರ

ಆಂಥೊನಿ ಅವರನ್ನು ಪತ್ರಿಕೋದ್ಯಮಿ ಎಂದು ರಾಚೆಸ್ಟರಿನ ಲೆಕ್ಕಕ್ಕೆ ಸೇರಿಸುವಾಗ ಎಚ್ಚರಿಕೆ ಬೇಕು. ಅವರು ನಡೆಸಿದ ‘ರೆವಲ್ಯೂಷನ್’ ವಾರಪತ್ರಿಕೆ 1868ರ ಜನವರಿಯಲ್ಲಿ ಆರಂಭವಾದದ್ದು ನ್ಯೂಯಾರ್ಕ್ ನಗರದಲ್ಲಿ. ಎರಡೂವರೆ ವರ್ಷದೊಳಗೆ ಅದು ಕೈಬಿಟ್ಟುಹೋದಾಗ 10,000 ಡಾಲರ್ ಸಾಲ ಅವರ ತಲೆಯ ಮೇಲೆ ಉಳಿಯಿತು. ಉಪನ್ಯಾಸ ಮಾಡುತ್ತ ಊರೂರು ತಿರುಗಿ ಅದನ್ನು ತೀರಿಸಿದರು. ರಾಚೆಸ್ಟರಿನಲ್ಲಿ ಅವರು ಪತ್ರಿಕೆ ನಡೆಸಿದವರಲ್ಲ, ಪತ್ರಿಕೆಗಳ ಜಗಳದ ನಡುವೆ ನಿಂತವರು.

1872ರ ನವೆಂಬರ್ 1ರಂದು ಅವರು ಸೋದರಿಯರೊಡನೆ ಎಂಟನೇ ವಾರ್ಡಿನ ನೋಂದಣಿ ಕೇಂದ್ರಕ್ಕೆ ಹೋದರು; ಅದೊಂದು ಕ್ಷೌರದಂಗಡಿ. ಮತದಾರರು ಹೆಸರು ನೋಂದಾಯಿಸಬೇಕೆಂದು ಬೆಳಗಿನ ಪತ್ರಿಕೆಯಲ್ಲಿ ಬಂದಿದ್ದ ಕರೆ ಅವರನ್ನು ಎಬ್ಬಿಸಿತ್ತು. ಅದನ್ನು ಬರೆದವರ ಮನಸ್ಸಿನಲ್ಲಿ ಮಹಿಳೆಯರು ಇದ್ದಿರಲಾರರು. ನೋಂದಣಿಯ ಸುದ್ದಿ ಹರಡಿದ ಕೂಡಲೇ ಯೂನಿಯನ್ ಅಂಡ್ ಅಡ್ವರ್ಟೈಸರ್, ಈ ಮಹಿಳೆಯರ ಮತವನ್ನು ಸ್ವೀಕರಿಸುವ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಬೇಕೆಂದು ಗುಡುಗಿತು. ಅಧಿಕಾರಿಗಳು ಹಿಂಜರಿಯಬಾರದೆಂದು, ಅವರ ಮೇಲೆ ದಾವೆ ಬಂದರೆ ಖರ್ಚನ್ನು ತಾವೇ ಭರಿಸುವುದಾಗಿ ಆಂಥೊನಿ ಮಾತು ಕೊಟ್ಟರು. ನವೆಂಬರ್ 5ರಂದು ಮತ ಹಾಕಿದರು, 18ರಂದು ಬಂಧನಕ್ಕೊಳಗಾದರು. ವಿಚಾರಣೆಗೆ ಮುನ್ನ ಅವರು ರಾಚೆಸ್ಟರ್ ಇರುವ ಮನ್ರೋ ಕೌಂಟಿಯ ಹಳ್ಳಿಹಳ್ಳಿಗೆ ಹೋಗಿ ಭಾಷಣ ಮಾಡಿದ್ದರಿಂದ ಪ್ರಕರಣವನ್ನು ಪಕ್ಕದ ಕೌಂಟಿಯ ಕ್ಯಾನನ್‌ಡೇಗ್ವಾಕ್ಕೆ ವರ್ಗಾಯಿಸಲಾಯಿತು. ಅಲ್ಲಿ 1873ರ ಜೂನ್‌ನಲ್ಲಿ ನ್ಯಾಯಾಧೀಶ ವಾರ್ಡ್ ಹಂಟ್ ಜ್ಯೂರಿಗೆ ವಿವೇಚನೆಯ ಅವಕಾಶವನ್ನೇ ಕೊಡದೆ ತಪ್ಪಿತಸ್ಥರೆಂದು ತೀರ್ಪಿತ್ತು 100 ಡಾಲರ್ ದಂಡ ವಿಧಿಸಿದರು. ಆ ದಂಡವನ್ನು ಆಂಥೊನಿ ಎಂದೂ ಕಟ್ಟಲಿಲ್ಲ.

ಇಲ್ಲಿ ಒಂದು ವಿವರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಆ ವಿಚಾರಣೆಯ ಪೂರ್ಣ ನಡವಳಿಯನ್ನು 1874ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿದ್ದು ಡೆಮಾಕ್ರಟ್ ಅಂಡ್ ಕ್ರಾನಿಕಲ್ ಪತ್ರಿಕೆಯದೇ ಮುದ್ರಣಾಲಯ. ಹಾಗೆಯೇ 1848ರ ಜುಲೈನಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ನಡೆದ ಮಹಿಳಾ ಹಕ್ಕುಗಳ ಸಮ್ಮೇಳನದ ವರದಿ ಅಚ್ಚಾದದ್ದು ರಾಚೆಸ್ಟರಿನ ನಾರ್ತ್ ಸ್ಟಾರ್ ಕಚೇರಿಯಲ್ಲಿ. ಆ ಸಮ್ಮೇಳನದಲ್ಲಿ ಮತದಾನದ ಹಕ್ಕಿನ ಠರಾವಿನ ಪರವಾಗಿ ಡಗ್ಲಸ್ ಮಾತಾಡಿದ್ದರು. ಇಂದು ಆ ಎರಡು ಘಟನೆಗಳ ಬಗ್ಗೆ ನಮಗೆ ವಿವರವಾಗಿ ಗೊತ್ತಿರುವುದಕ್ಕೆ ಈ ಮುದ್ರಣಾಲಯಗಳೂ ಕಾರಣ. ಅಚ್ಚುಮೊಳೆ ಅವರು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಕಡತಪ್ರಿಯ

ಮೂವರಿಗೂ ವಂದನೆಗಳು. ಎರಡು ಅಧ್ಯಾಯಗಳನ್ನು ಒಂದಾಗಿಸಲು ತೀರ್ಮಾನಿಸಿದೆ. ಆದರೆ ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಗ್ಯಾನೆಟ್ ಒಬ್ಬರೇ ಎಲ್ಲ ಜಾಗವನ್ನೂ ಆಕ್ರಮಿಸಿಕೊಳ್ಳುತ್ತಿದ್ದಾರೆ. ಅದು ನ್ಯಾಯವೇ? ಡಗ್ಲಸ್ ಅವರ ನಂತರ ಊರಿನಲ್ಲಿ ಕಪ್ಪು ಜನರ ಪತ್ರಿಕೆ ಇರಲಿಲ್ಲವೇ?

ಸಂಜೆ ಸಂಚಿಕೆ ಅವರ ಉತ್ತರ

ಗ್ಯಾನೆಟ್ ಅವರಿಗೆ ಜಾಗ ಕೊಡಲೇಬೇಕು, ಆದರೆ ವ್ಯಕ್ತಿಯ ಗುಣಗಾನಕ್ಕಲ್ಲ. ಅವರು ಹುಟ್ಟಿದ್ದು 1876ರಲ್ಲಿ, ಇದೇ ಸೀಮೆಯ ಬ್ರಿಸ್ಟಲ್ ಎಂಬಲ್ಲಿ. 1906ರಲ್ಲಿ ಎಲ್ಮೈರಾದ ಒಂದು ಪತ್ರಿಕೆಯಲ್ಲಿ ಪಾಲು ಕೊಂಡು ಉದ್ಯಮಕ್ಕೆ ಇಳಿದರು. ಮದ್ಯಪಾನದ ವಿರೋಧಿಯಾಗಿದ್ದ ಅವರು ಮದ್ಯದ ಜಾಹೀರಾತುಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. 1940ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಯತ್ನಿಸಿ ವಿಫಲರಾದರು. ಇವು ಎರಡು ಸಾಲಿನಲ್ಲಿ ಮುಗಿಯುವ ಸಂಗತಿಗಳು.

ಮುಖ್ಯವಾದದ್ದು ಒಡೆತನದ ಕತೆ. 1922ರಲ್ಲಿ, ಹಲವು ನಗರಗಳಲ್ಲಿ ಪತ್ರಿಕೆಗಳಿದ್ದ ಒಡೆಯ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಈ ಊರಿಗೂ ಬಂದು ‘ಜರ್ನಲ್’ ಎಂಬ ಪತ್ರಿಕೆಯನ್ನು ತೆರೆದರು. ಗ್ಯಾನೆಟ್ 1928ರಲ್ಲಿ ಡೆಮಾಕ್ರಟ್ ಅಂಡ್ ಕ್ರಾನಿಕಲ್ ಪತ್ರಿಕೆಯನ್ನು ಕೊಂಡು ಬೆಳಗು, ಸಂಜೆ ಎರಡನ್ನೂ ಹಿಡಿದರು. 1937ರಲ್ಲಿ ಹರ್ಸ್ಟ್ ರಾಚೆಸ್ಟರನ್ನು ಬಿಟ್ಟರು, ಗ್ಯಾನೆಟ್ ಆಲ್ಬನಿಯನ್ನು ಹರ್ಸ್ಟ್‌ಗೆ ಬಿಟ್ಟುಕೊಟ್ಟರು. ಹೀಗೆ ಇಬ್ಬರು ಒಡೆಯರು ಊರುಗಳನ್ನು ಹಂಚಿಕೊಂಡರು; ಅಲ್ಲಿಂದ ಮುಂದೆ ರಾಚೆಸ್ಟರಿನ ಓದುಗ ಬೆಳಿಗ್ಗೆ ಕೊಂಡರೂ ಸಂಜೆ ಕೊಂಡರೂ ಹಣ ಹೋಗುತ್ತಿದ್ದುದು ಒಂದೇ ಪೆಟ್ಟಿಗೆಗೆ. 1872ರಲ್ಲಿ ಆಂಥೊನಿ ಅವರ ವಿಷಯದಲ್ಲಿ ಎರಡು ಪತ್ರಿಕೆಗಳು ಎರಡು ದಿಕ್ಕಿಗೆ ಎಳೆದಂಥ ಸಂದರ್ಭ ಮರುಕಳಿಸುವುದು ಕಷ್ಟವಾಯಿತು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕೆಲಸ ಕೆಟ್ಟಿತೆನ್ನಲಾಗದು. 1971ರ ಸೆಪ್ಟೆಂಬರ್‌ನಲ್ಲಿ ಇದೇ ರಾಜ್ಯದ ಅಟಿಕಾ ಸೆರೆಮನೆಯ ಕೈದಿಗಳ ಬಂಡಾಯವನ್ನು ಪೊಲೀಸರು ಗುಂಡು ಹಾರಿಸಿ ಅಡಗಿಸಿದರು. ಒಟ್ಟು 43 ಮಂದಿ ಸತ್ತರು. ಒತ್ತೆಯಾಳುಗಳ ಕತ್ತನ್ನು ಕೈದಿಗಳೇ ಕೊಯ್ದರೆಂದು ಅಧಿಕಾರಿಗಳು ಹೇಳಿದರು, ದೇಶದ ದೊಡ್ಡ ಪತ್ರಿಕೆಗಳೂ ಅದನ್ನೇ ಅಚ್ಚು ಹಾಕಿದವು. ಶವಪರೀಕ್ಷೆ ನಡೆದದ್ದು ರಾಚೆಸ್ಟರಿನಲ್ಲಿ. ಮನ್ರೋ ಕೌಂಟಿಯ ವೈದ್ಯಾಧಿಕಾರಿ ಜಾನ್ ಎಡ್‌ಲ್ಯಾಂಡ್, ಆ ದಿನ ಸತ್ತ ಒತ್ತೆಯಾಳುಗಳು ಸತ್ತದ್ದು ಗುಂಡೇಟಿನಿಂದ ಎಂದು ಹೇಳಿದರು. ಬಂದೂಕುಗಳಿದ್ದುದು ಕೈದಿಗಳ ಕೈಯಲ್ಲಲ್ಲ. ಟೈಮ್ಸ್ ಯೂನಿಯನ್ ಪತ್ರಿಕೆಯ ರಿಚರ್ಡ್ ಕೂಪರ್ ಮತ್ತು ಜಾನ್ ಮಚಾಚೆಕ್ ಅವರಿಗೆ ಅಟಿಕಾ ವರದಿಗಾಗಿ 1972ರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ಎಡ್‌ಲ್ಯಾಂಡ್ ಅವರನ್ನೂ ತಮ್ಮ ಗಣ್ಯರ ನಡುವೆ ನಿಲ್ಲಿಸಿ. ಒಡೆತನ ಯಾರದೇ ಇದ್ದರೂ ಊರಿನಲ್ಲಿ ಒಬ್ಬ ವರದಿಗಾರನೂ ಒಬ್ಬ ನಿಷ್ಠುರ ಅಧಿಕಾರಿಯೂ ಇದ್ದರೆ ಏನಾಗಬಹುದು ಎಂಬುದಕ್ಕೆ ಆ ವಾರ ಸಾಕ್ಷಿ.

ಕಪ್ಪು ಜನರ ಪತ್ರಿಕೆ ಇತ್ತು. 1930ರ ದಶಕದಲ್ಲಿ ಹೊವರ್ಡ್ ಕೋಲ್ಸ್ ಆರಂಭಿಸಿದ ‘ವಾಯ್ಸ್’ ಮುಂದೆ ‘ಫ್ರೆಡರಿಕ್ ಡಗ್ಲಸ್ ವಾಯ್ಸ್’ ಎಂಬ ಹೆಸರಿನಲ್ಲಿ ದಶಕಗಳ ಕಾಲ ನಡೆಯಿತು. 1964ರ ಜುಲೈನಲ್ಲಿ ನಗರದಲ್ಲಿ ನಡೆದ ಗಲಭೆಗೆ ಮೊದಲಿನ ವಸತಿ, ಉದ್ಯೋಗಗಳ ಸ್ಥಿತಿಯನ್ನು ತಿಳಿಯಬೇಕಾದವರು ದೊಡ್ಡ ಪತ್ರಿಕೆಗಳ ಜೊತೆಗೆ ಇದನ್ನೂ ನೋಡಬೇಕು.

ಗ್ಯಾನೆಟ್ ಕಂಪನಿಯ ಮುಂದಿನ ಕತೆ ಊರಿನ ಹೊರಗೆ ನಡೆಯಿತು: 1982ರ ಸೆಪ್ಟೆಂಬರ್‌ನಲ್ಲಿ ‘ಯುಎಸ್‌ಎ ಟುಡೇ’ ಆರಂಭವಾಯಿತು, ಅದೇ ದಶಕದಲ್ಲಿ ಪ್ರಧಾನ ಕಚೇರಿ ವರ್ಜೀನಿಯಾಕ್ಕೆ ಹೋಯಿತು.

ಅಚ್ಚುಮೊಳೆ

ಈಸ್ಟ್‌ಮನ್ ಅವರ ಪ್ರಶ್ನೆ ಉಳಿದಿದೆ. ಪತ್ರಿಕಾ ಇತಿಹಾಸದೊಡನೆ ಅವರಿಗೆ ನೇರ ನಂಟನ್ನು ಕಲ್ಪಿಸುವ ಅಗತ್ಯವಿಲ್ಲ. 1888ರ ಕೊಡ್ಯಾಕ್ ಕ್ಯಾಮೆರಾ, 1921ರ ಸಂಗೀತ ಶಾಲೆ, 1932ರ ಮರಣ ಎಂದು ಅವರಿಗೆ ಪ್ರತ್ಯೇಕ ಭಾಗವನ್ನೇ ಕೊಡಿ. ಉದ್ಯಮಿಗಳಲ್ಲಿ ಪತ್ರಿಕೆಗೆ ಹತ್ತಿರದವರು ಹೈರಮ್ ಸಿಬ್ಲಿ. ಅವರ ಮುಂದಾಳುತನದಲ್ಲಿ 1851ರಲ್ಲಿ ರಾಚೆಸ್ಟರಿನಲ್ಲಿ ಹುಟ್ಟಿದ ತಂತಿ ಕಂಪನಿ 1856ರಲ್ಲಿ ವೆಸ್ಟರ್ನ್ ಯೂನಿಯನ್ ಆಯಿತು, ಮುಂದೆ ದೇಶದ ಪತ್ರಿಕೆಗಳ ಸುದ್ದಿಯೆಲ್ಲ ಬಹುಪಾಲು ಅದರ ತಂತಿಗಳ ಮೇಲೆ ಹರಿಯಿತು.

ಆಕರಗಳನ್ನು ನೋಡುವಾಗ ಒಂದು ಸೂಚನೆ. 1872ರ ಜೂನ್‌ನಲ್ಲಿ ಡಗ್ಲಸ್ ಅವರ ರಾಚೆಸ್ಟರಿನ ಮನೆ ಸುಟ್ಟುಹೋದಾಗ ಅವರು ಕಾಪಾಡಿಕೊಂಡಿದ್ದ ಸ್ವಂತ ಪತ್ರಿಕೆಗಳ ಸಂಪುಟಗಳೂ ಬೂದಿಯಾದವು. ಅಮೆರಿಕದ ಸಂಸತ್ತಿನ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಅವರ ಪತ್ರಿಕೆಗಳ ಲಭ್ಯ ಸಂಚಿಕೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ, ಆದರೆ ಸರಣಿ ಪೂರ್ಣವಾಗಿಲ್ಲ. ಆದ್ದರಿಂದ ಯಾವುದೇ ವಿಷಯದ ಬಗ್ಗೆ ನಾರ್ತ್ ಸ್ಟಾರ್ ಮೌನವಾಗಿತ್ತು ಎಂದು ಬರೆಯುವ ಮುನ್ನ ಆ ವಾರದ ಸಂಚಿಕೆ ಅಲ್ಲಿ ಇದೆಯೇ ಎಂಬುದನ್ನು ನೋಡಿಕೊಳ್ಳಿ.